ಹುಬ್ಬಿಗೆ ಒಂದು ಗೇಣು

ಕಣ್ಣಿನ ಆಪರೇಷನ್ ಆದ ಆರನೆಯ ವಾರ ಶಬ್ರೀನ, ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಸಲ, ಒಬ್ಬರ ಹುಬ್ಬು ಕೆಡಿಸಿದಳು. ಕೆಟ್ಟದ್ದು ರಾಧಿಕಾ ಮೇಡಂ ಅವರ ಎಡಹುಬ್ಬಿನ ಬಾಲ. ಮುಲುಂಡಿನ ಬ್ಯಾಂಕಿನಲ್ಲಿ ಕೆಲಸ ಮಾಡುವ ರಾಧಿಕಾ ಹನ್ನೊಂದು ವರ್ಷಗಳಿಂದ ಮೂರು ವಾರಕ್ಕೊಮ್ಮೆ ತಪ್ಪದೆ ಬಂದು, ಅದೇ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಒರಗಿಸಿ, ಮಾತಿಲ್ಲದೆ ಕಣ್ಣು ಮುಚ್ಚುತ್ತಿದ್ದವರು. ಆ ದಿನ ಎದ್ದು ಕನ್ನಡಿ ನೋಡಿಕೊಂಡರು. ಪರ್ಸಿನಿಂದ ಪೆನ್ಸಿಲ್ ತೆಗೆದು, ಇಲ್ಲದ ಬಾಲವನ್ನು ಮೆಲ್ಲಗೆ ಬರೆದುಕೊಂಡರು. "ಚಲೇಗಾ, ಶಬ್ರೀನ" ಎಂದು, ಪರವಾಗಿಲ್ಲ ಎಂಬಂತೆ ಭುಜ ತಟ್ಟಿ ಹೋದರು.

ಬೈದಿದ್ದರೆ ಒಳ್ಳೆಯದಿತ್ತು.

ಪಾರ್ಲರಿನ ಒಡತಿ ಸೋನಾಲಿ ಕ್ಯಾಶ್ ಮೇಜಿನ ಹಿಂದಿನಿಂದ ಎಲ್ಲವನ್ನೂ ನೋಡಿದ್ದಳು. "ಆಂಖ್ ಠೀಕ್ ಹೋನೇ ತಕ್ ತೂ ಪೆಡಿಕ್ಯೂರ್ ಸಂಭಾಲ್" ಎಂದಳು; ಕಣ್ಣು ಸರಿಹೋಗುವವರೆಗೆ ಗಿರಾಕಿಗಳ ಕಾಲು ನೋಡಿಕೊಳ್ಳಬೇಕು. ದೀಪಾವಳಿಗೆ ಒಂದು ತಿಂಗಳಿತ್ತು. ಮುಲುಂಡಿನ ಹೆಂಗಸರೆಲ್ಲ ಹುಬ್ಬು ತಿದ್ದಿಸಲು ಬಾಗಿಲ ಹೊರಗೂ ಸಾಲು ನಿಲ್ಲುವ ದಿನಗಳು ಅವು. ಅಷ್ಟರೊಳಗೆ ಶಬ್ರೀನ ಮತ್ತೆ ದಾರ ಹಿಡಿಯದಿದ್ದರೆ ಆ ಕುರ್ಚಿಗೆ ಬೇರೆಯವಳನ್ನು ತರಬೇಕಾಗುತ್ತದೆ ಎಂದು, ಅವಳ ಮುಖ ನೋಡದೆ, ಟವೆಲ್ ಮಡಿಸುತ್ತ ಹೇಳಿದಳು.

ಹೀಗೆ ಶಬ್ರೀನ ಜನರ ಮುಖದಿಂದ ಕಾಲಿಗೆ ಇಳಿದಳು.

ಅವಳು ವಿಜಯಪುರದ ಕಡೆಯ ಇಂಡಿ ಊರಿನವಳು. ಇಪ್ಪತ್ತಕ್ಕೆ ಮದುವೆಯಾಗಿ ಆಂಟಾಪ್ ಹಿಲ್‌ನ ಒಂದು ಖೋಲಿಗೆ ಬಂದಳು. ಗಂಡ ರಾಜೇಸಾಬ ಎ.ಸಿ. ರಿಪೇರಿ ಮಾಡುವವನು. ಪಕ್ಕದ ಮನೆಯಾಕೆ ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಎರಡು ಕೈಗಳಲ್ಲಿ ಅದನ್ನು ಕತ್ತರಿಯ ಹಾಗೆ ಆಡಿಸಿ ಕೂದಲು ಕೀಳುವುದನ್ನು ನೋಡಿ ನೋಡಿ ಕಲಿತಳು. ಮೊದಲು ತನ್ನ ಮೊಣಕಾಲಿನ ಮೇಲೆ, ಆಮೇಲೆ ಚಾಳಿನ ಹೆಂಗಸರ ಮೇಲೆ. ಇಪ್ಪತ್ತನಾಲ್ಕನೆಯ ವಯಸ್ಸಿಗೆ ಸೋನಾಲಿಯ ಪಾರ್ಲರ್ ಸೇರಿದಳು. ಅವಳ ದಾರಕ್ಕೆ ನೋವಿಲ್ಲ ಎಂದು ಹೆಂಗಸರು ಹೇಳುತ್ತಿದ್ದರು. ನೋವಿತ್ತು. ಅವಳು ಎಲ್ಲಿ ಎಷ್ಟು ಬೇಕೋ ಅಷ್ಟನ್ನೇ ಕೀಳುತ್ತಿದ್ದುದರಿಂದ ಬೇಗ ಮುಗಿಯುತ್ತಿತ್ತು, ಅಷ್ಟೆ.

ನಾಲ್ಕನೆಯ ಇಯತ್ತೆಯಿಂದ ಅವಳಿಗೆ ಚಷ್ಮಾ. ಮೈನಸ್ ಐದು. ಗಾಜು ದಪ್ಪ, ಕಟ್ಟು ಭಾರ. ಹುಬ್ಬಿನ ಮೇಲೆ ಬಾಗಿದರೆ ಅದು ಜಾರಿ ಗಿರಾಕಿಯ ಮೂಗಿನ ಮೇಲೆ ಬೀಳುತ್ತಿತ್ತು. ಅದಕ್ಕಾಗಿ ಪ್ರತಿ ಸಲ ತೆಗೆದು ಏಪ್ರನ್ನಿನ ಜೇಬಿಗೆ ಹಾಕಿ, ಬರಿಗಣ್ಣಿನಲ್ಲಿ ಮುಖದ ಹತ್ತಿರಕ್ಕೆ ಬಾಗಿ ಕೆಲಸ ಮಾಡುವುದು ಅವಳ ರೂಢಿ. ಮುಗಿದ ಮೇಲೆ ಮತ್ತೆ ಹಾಕಿಕೊಳ್ಳುವುದು. ದಿನಕ್ಕೆ ಮೂವತ್ತು ಸಲ, ನಲವತ್ತು ಸಲ. ಎರಡು ಚಷ್ಮಾ ಮುರಿದವು, ಒಂದು ಸಾಯನ್ ಸ್ಟೇಷನ್ನಿನ ನೂಕುನುಗ್ಗಲಿನಲ್ಲಿ ಹಳಿಗೆ ಬಿತ್ತು. ಲೇಸರ್ ಆಪರೇಷನ್ನಿನಿಂದ ಕಣ್ಣನ್ನೇ ಸರಿಮಾಡಿಸಿಬಿಟ್ಟರೆ ಈ ಹಾಕು-ತೆಗೆ ಇರುವುದಿಲ್ಲ, ಹುಬ್ಬು ಇನ್ನೂ ಚೆನ್ನಾಗಿ ಕಾಣುತ್ತದೆ ಎಂದು ಅವಳ ಲೆಕ್ಕ. ನಲವತ್ತಮೂರನೆಯ ವಯಸ್ಸಿನಲ್ಲಿ ಅವಳು ತನಗಾಗಿ ಆಸೆಪಟ್ಟು ಮಾಡಿಸಿಕೊಂಡ ಮೊದಲ ಕೆಲಸ ಅದು.

ಪರೇಲಿನ ಆ ಕ್ಲಿನಿಕ್ಕನ್ನು ಹುಡುಕಿದವನು ರಾಜೇಸಾಬ. ಅಲ್ಲಿನ ಡಾಕ್ಟರ್ ಸೋಮನಾಥ ಧಾರವಾಡದವರು, ಅಂದರೆ ನಮ್ಮ ಕಡೆಯವರು. ಮೊದಲ ಭೇಟಿಯ ಮುಕ್ಕಾಲು ಭಾಗ ಇಂಡಿಯ ಲಿಂಬೆಯ ತೋಟಗಳಲ್ಲಿ, ಡಾಕ್ಟರ ಸೋದರಮಾವ ಅಲ್ಲಿ ಮಾಸ್ತರಿಕೆ ಮಾಡಿದ ವರ್ಷಗಳಲ್ಲಿ ಕಳೆಯಿತು. ಉಳಿದ ಕಾಲು ಭಾಗದಲ್ಲಿ ಅವರು ಹೇಳಬೇಕಾದ್ದನ್ನು ಹೇಳಿದರು. ಸ್ವಲ್ಪ ದಿನ ಕಣ್ಣು ಒಣಗುತ್ತದೆ. ದೀಪಗಳ ಸುತ್ತ ಬಳೆ ಕಾಣುತ್ತದೆ. ವಯಸ್ಸು ನಲವತ್ತು ದಾಟಿರುವುದರಿಂದ ಓದಲು ಚಷ್ಮಾ ಬೇಕಾಗಬಹುದು. ಓದಲು ತಾನೆ, ಎಂದುಕೊಂಡಳು ಶಬ್ರೀನ. ಅವಳು ಓದುವುದು ಏನಿದೆ? ಲೈಟ್ ಬಿಲ್ಲನ್ನು ರಾಜೇಸಾಬ ಓದುತ್ತಾನೆ.

ಮನೆಯಲ್ಲಿ ಅತ್ತೆ ಚಾಂದಬಿ ಇದ್ದಳು. ಎಪ್ಪತ್ತರ ಈ ಮುದುಕಿಗೆ ಮೂರು ವರ್ಷದ ಹಿಂದೆ ಮೋತಿಬಿಂದಿನ, ಅಂದರೆ ಕಣ್ಣಿನ ಪೊರೆಯ, ಆಪರೇಷನ್ ಆಗಿತ್ತು. ಅಂದಿನಿಂದ ಕಣ್ಣಿನ ವಿಷಯದಲ್ಲಿ ಆಂಟಾಪ್ ಹಿಲ್‌ನಲ್ಲಿ ಅವಳದೇ ಕೊನೆಯ ಮಾತು. ಸೊಸೆಯ ಮೂರು ಔಷಧಿ ಬಾಟಲಿಗಳನ್ನು ತನ್ನ ದಿಂಬಿನ ಪಕ್ಕ ಇಟ್ಟುಕೊಂಡಿದ್ದಳು. ಬಿಳಿ ಮುಚ್ಚಳದ್ದು ಎರಡು ತಾಸಿಗೊಮ್ಮೆ, ನೀಲಿಯದು ದಿನಕ್ಕೆ ನಾಲ್ಕು ಸಲ, ಗುಲಾಬಿಯದು ವಾರ ವಾರಕ್ಕೆ ಕಡಿಮೆ. ಮಸೀದಿಯ ಬಾಂಗಿನ ಲೆಕ್ಕಕ್ಕೆ ಹೊಂದಿಸಿ ಅವಳು ಕೂಗುತ್ತಿದ್ದಳು.

"ಏ ಶಬ್ರೀನ, ಬಾ, ಕಣ್ಣ ತೆರಿ."

"ಈಗ ಹಾಕೀನಿ ಅಮ್ಮಾ."

"ಹಾಕಿದ್ರ ಹಿಂಗ್ಯಾಕ ಕೆಂಪಾಗ್ಯಾವು? ನನಗ ಎಂಟನೇ ದಿನಕ್ಕ ಸೂಜಿ ದಾರ ಪೋಣಸಾಕ ಬಂತು. ನಿನಗ ಒಂದೂವರಿ ತಿಂಗಳಾತು, ಅಕ್ಕ್ಯಾಗಿನ ಹಳ್ಳು ಆರಸಾಕ ಬರವಲ್ದು."

"ನಿಮ್ದು ಬ್ಯಾರೆ ಆಪರೇಷನ್, ನಂದು ಬ್ಯಾರೆ."

"ಕಣ್ಣು ಎಲ್ಲಾರದೂ ಒಂದ. ಒಂದೀಟು ಸುರ್ಮಾ ಹಚ್ಚಿದ್ರ ತಂಪಾಗತೈತಿ."

ಸುರ್ಮಾದ ಡಬ್ಬಿಯನ್ನು ಶಬ್ರೀನ ಮೂರು ಸಲ ಅಟ್ಟದ ಮೇಲೆ ಬಚ್ಚಿಟ್ಟಳು. ಮೂರು ಸಲವೂ ಅದು ಕೆಳಗೆ ಬಂತು. ಮುದುಕಿಗೆ ಅಷ್ಟು ಚೆನ್ನಾಗಿ ಕಾಣುತ್ತಿತ್ತು.

ನೋಡಲು ಬಂದವರೆಲ್ಲ ಬೆರಳು ಎತ್ತಿ ತೋರಿಸಿದರು. ಇದು ಎಷ್ಟು? ಮೇಲಿನ ಮಾಳಿಗೆಯವರು, ನಾದಿನಿ, ಕಡೆಗೆ ಹಾಲಿನವನು. ಎಲ್ಲರ ಬೆರಳೂ ಕಾಣುತ್ತಿದ್ದವು. ಅದೇ ಸಂಕಟ. ಸಾಯನ್ ಸ್ಟೇಷನ್ನಿನ ಇಂಡಿಕೇಟರ್ ಸೇತುವೆಯ ಮೇಲಿನಿಂದಲೇ ಕಾಣುತ್ತಿತ್ತು. ಸ್ಲೋ ಲೋಕಲ್ ಕಾಂಜೂರ್ ದಾಟುವಾಗ, ನೂಕುನುಗ್ಗಲಿಗೆ ಹೆದರಿ ಚಷ್ಮಾ ಬ್ಯಾಗಿಗೆ ಹಾಕುತ್ತಿದ್ದುದರಿಂದ ಇಷ್ಟು ವರ್ಷ ಬರೀ ಬಿಳಿ ಕಲೆಯಾಗಿದ್ದ ಉಪ್ಪಿನ ಗದ್ದೆಗಳಲ್ಲಿ ಒಂಟಿ ಕಾಲಿನ ಮೇಲೆ ನಿಂತ ಕೊಕ್ಕರೆಗಳು ಒಂದೊಂದಾಗಿ ಕಂಡವು. ಮೊದಲ ದಿನ ಅವಳು ಅವನ್ನು ಎಣಿಸಿದ್ದಳು. ಆದರೆ ಕೊಕ್ಕರೆಯ ಹುಬ್ಬು ತಿದ್ದಿಸಲು ಯಾರೂ ಬರುವುದಿಲ್ಲ. ಪಾರ್ಲರಿನಲ್ಲಿ ಬಾಗಿದರೆ, ಮುಖ ಹತ್ತಿರ ಬಂದಷ್ಟೂ ಹುಬ್ಬು ಹೊಗೆಯಾಗುತ್ತಿತ್ತು. ಒಂದೊಂದು ಕೂದಲಾಗಿ ಇದ್ದದ್ದು ಈಗ ಕಾಡಿಗೆ ಬಳಿದ ಪಟ್ಟಿಯಂತಿತ್ತು. ಹಿಂದೆ ಸರಿದರೆ ಸ್ವಲ್ಪ ಸ್ಪಷ್ಟ. ಆದರೆ ಹಿಂದೆ ಸರಿದರೆ ಹಲ್ಲಿನಲ್ಲಿ ಕಚ್ಚಿದ ದಾರ ಮುಟ್ಟುವುದಿಲ್ಲ. ಮೇಲೆ ಎ.ಸಿ. ಗಾಳಿ, ಹುಬ್ಬಿಗೆ ಹಚ್ಚುವ ಪೌಡರಿನ ಧೂಳು. ಕಣ್ಣಲ್ಲಿ ಸದಾ ಮರಳು.

ಸ್ಟೇಷನ್ ಹೊರಗಿನ ಫುಟ್‌ಪಾತಿನಲ್ಲಿ ಓದುವ ಚಷ್ಮಾ ಒಂದನ್ನು ಕೊಂಡು ನೋಡಿದಳು. ಪೇಪರು ಚೆನ್ನಾಗಿ ಕಂಡಿತು. ಅಂಗೈಯ ಗೆರೆಗಳು, ಬಿಸ್ಕಿಟ್ ಪೊಟ್ಟಣದ ಸಣ್ಣ ಅಕ್ಷರ ಕಂಡವು. ಹುಬ್ಬಿನ ಮೇಲೆ ಬಾಗಿದರೆ ಅದೇ ಹೊಗೆ. ಅವಳು ಆ ಚಷ್ಮಾವನ್ನು ಚಾಂದಬಿಗೆ ಕೊಟ್ಟಳು. ಚಾಂದಬಿ, ನನಗ ಬ್ಯಾಡ, ನನಗ ಕಾಣ್ತೈತಿ, ಎಂದಳು.

ಪೆಡಿಕ್ಯೂರಿಗೆ ಇಳಿದ ಮೂರನೆಯ ದಿನ ಶಬ್ರೀನ ರಜೆ ಹಾಕಿ ಪರೇಲಿಗೆ ಹೋದಳು. ಜೊತೆಗೆ ರಾಜೇಸಾಬ. ಕೌಂಟರಿನ ಹುಡುಗಿ ಯಕ್ಷಿತಾ, ಮನೆಯಲ್ಲಿ ತುಳು, ಹೊರಗೆ ಹಿಂದಿ, ಪೇಷಂಟುಗಳ ಜೊತೆ ಎಡವುವ ಕನ್ನಡ, ಅವಳನ್ನು ಕಂಡು ನಕ್ಕಳು. "ಆಂಟಿ, ಚಷ್ಮಾ ಇಲ್ದೆ ಎಷ್ಟ್ ಸ್ಮಾರ್ಟ್ ಕಾಣ್ತೀರ, ಸಚ್ಚಿ."

ಡಾಕ್ಟರು ದೂರದ ಬೋರ್ಡು ಓದಿಸಿದರು. ಕೊನೆಯ ಸಾಲಿನವರೆಗೂ ಅವಳು ತಡವರಿಸಲಿಲ್ಲ.

"ಭೇಷ್. ಆರಕ್ಕ ಆರು, ದೂರದ ನೋಟ ಪಕ್ಕಾ. ಡ್ರೈನೆಸ್ ಐತಿ, ಹೋಗತೈತಿ. ಇನ್ನೇನ್ ಬೇಕ್ರಿ ನಿಮಗ?"

"ಹುಬ್ಬು ಕಾಣವಲ್ದು."

ಡಾಕ್ಟರು ಕನ್ನಡಿಯ ಕಡೆ ಕೈ ತೋರಿಸಿದರು. "ನಿಮ್ಮ ಹುಬ್ಬು ಅಲ್ಲೇ ಐತಲ್ರಿ."

"ನಂದಲ್ರಿ. ಮಂದೀದು."

"ಮಂದಿ ಹುಬ್ಬು ನಿಮಗ್ಯಾಕ ಬೇಕ್ರಿ?"

ಶಬ್ರೀನ ಗಂಡನ ಕಡೆ ನೋಡಿದಳು. ರಾಜೇಸಾಬ ಕೋಣೆಯ ಎ.ಸಿ.ಯ ಕಡೆ ನೋಡಿದ. ಅದು ಸರಿಯಾಗಿಯೇ ಓಡುತ್ತಿತ್ತು.

"ನಾ ಹತ್ತೊಂಬತ್ತು ವರ್ಷದಿಂದ ಐಬ್ರೋ ಮಾಡ್ತೀನ್ರಿ. ಥ್ರೆಡಿಂಗ್. ಅದ ನನ್ನ ಕೆಲಸ."

ಯಕ್ಷಿತಾ ಫೈಲ್ ತೆರೆದಳು. "ಇಲ್ಲಿ ಹೌಸ್‌ವೈಫ್ ಅಂತ ಉಂಟು, ಸರ್."

"ಯಾರು ಬರದ್ರು?" ಎಂದು ಶಬ್ರೀನ ಕೇಳಿದಳು. ಕೇಳುವ ಅಗತ್ಯವಿರಲಿಲ್ಲ. ಆ ಓರೆ ಅಕ್ಷರ ಕುರ್ಚಿಯಿಂದಲೇ ಕಾಣುತ್ತಿತ್ತು.

"ಎಲ್ಲಾ ಫಾರ್ಮಿನ್ಯಾಗೂ ಅದನ್ನ ಬರದೇನಿ," ಎಂದ ರಾಜೇಸಾಬ. "ರೇಷನ್ ಕಾರ್ಡು, ಬ್ಯಾಂಕಿನ ಖಾತೆ, ಎಲ್ಲಾದಕ್ಕೂ. ಕೆಲಸ ಅಂತ ಬರದ್ರ ಮುಂದ ಆಫೀಸಿನ ಪತ್ತಾ ಕೇಳ್ತಾರ, ಫೋನ್ ನಂಬರ್ ಕೇಳ್ತಾರ. ಹೌಸ್‌ವೈಫ್ ಅಂದ್ರ ಅಲ್ಲಿಗೆ ಮುಗೀತು."

"ಹತ್ತೊಂಬತ್ತು ವರ್ಷ ಬೆಳಿಗ್ಗೆ ಎಂಟಕ್ಕ ಡಬ್ಬಿ ಕಟಗೊಂಡು ಎಲ್ಲಿಗೆ ಹೋಗ್ತಿದ್ದೆ ಅಂತ ತಿಳದೀರಿ?"

ಬಹಳ ದಿನಗಳಿಂದ ಅವಳೊಳಗೆ ಕುದಿಯುತ್ತಿದ್ದ ಸಿಟ್ಟು ಈಗ ಒಂದು ಜಾಗ ಸಿಕ್ಕಂತೆ ಕೂತಿತು. ಆದರೆ ಕೂತ ಸಿಟ್ಟಿನಿಂದ ಹುಬ್ಬು ಕಾಣುವುದಿಲ್ಲ. ಅವಳು ಡಾಕ್ಟರ ಕಡೆ ತಿರುಗಿದಳು.

ಡಾಕ್ಟರು ಫೈಲನ್ನು ಪಕ್ಕಕ್ಕಿಟ್ಟಿದ್ದರು. "ಎಷ್ಟು ಹತ್ತಿರದಿಂದ ಮಾಡ್ತೀರಿ?"

"ಹಂಗ ಹೇಳಾಕ ಬರೂದಿಲ್ರಿ. ಮುಖ ಬೇಕು."

ಯಕ್ಷಿತಾ ತಾನೇ ಹೋಗಿ ಪೇಷಂಟಿನ ಕುರ್ಚಿಯಲ್ಲಿ ಕೂತು ತಲೆ ಒರಗಿಸಿದಳು. "ಮೇರಾ ವೈಸೇ ಭೀ ಡ್ಯೂ ಹೈ, ಹೇಗೂ ಮಾಡಿಸ್ಬೇಕಿತ್ತು. ಆದ್ರೆ ಆಂಟಿ, ಸ್ವಲ್ಪ ನೋಡ್ಕೊಂಡು."

"ಕಾಣೂದಿಲ್ಲಂತ ಬಂದೀನಿ, ನೋಡ್ಕೊಂಡು ಅಂತಾಳ," ಎಂದು ಗೊಣಗುತ್ತ ಶಬ್ರೀನ ಬ್ಯಾಗಿನಿಂದ ದಾರದ ಉಂಡೆ ತೆಗೆದಳು. ಅದು ಸದಾ ಅವಳ ಬ್ಯಾಗಿನಲ್ಲೇ ಇರುತ್ತಿತ್ತು. ತುದಿಯನ್ನು ಹಲ್ಲಿನಲ್ಲಿ ಕಚ್ಚಿದಳು, ಬೆರಳುಗಳಿಗೆ ಸುತ್ತಿಕೊಂಡಳು, ಬಾಗಿದಳು. ಕಣ್ಣಿಗೆ ಕಾಣದಿದ್ದರೂ ಬೆನ್ನಿಗೆ, ಕುತ್ತಿಗೆಗೆ ಆ ದೂರ ಗೊತ್ತಿತ್ತು. ಅಲ್ಲಿಗೆ ಬಂದು ನಿಂತಳು.

ಡಾಕ್ಟರು ಮೇಜಿನ ಸ್ಕೇಲು ತಂದು ಅವಳ ಕಣ್ಣಿನ ಪಕ್ಕದಿಂದ ಯಕ್ಷಿತಾಳ ಹುಬ್ಬಿಗೆ ಹಿಡಿದರು. ಇಪ್ಪತ್ತು ಸೆಂಟಿಮೀಟರ್. ಸರಿಯಾಗಿ ಒಂದು ಗೇಣು.

ಅವರು ಸ್ಕೇಲನ್ನು ಕೈಯಲ್ಲೇ ಹಿಡಿದು ಕೂತರು. "ಮೈನಸ್ ಐದಿನ ಕಣ್ಣು ಚಷ್ಮಾ ಇಲ್ದ ಚಂದ ನೋಡೂದು ಎಷ್ಟು ದೂರಕ್ಕ ಗೊತ್ತೇನ್ರಿ? ಇಷ್ಟಕ್ಕ. ಇಪ್ಪತ್ತು ಸೆಂಟಿಮೀಟರ್‌ಗೆ. ನಿಮ್ಮ ಕಣ್ಣಿನ್ಯಾಗ ಹುಟ್ಟಾ ಒಂದು ಭೂತಗನ್ನಡಿ ಇತ್ತು. ಅದನ್ನ ನಾನು ತಗದೆ."

ಶಬ್ರೀನ ದಾರವನ್ನು ಹಲ್ಲಿನಿಂದ ಬಿಟ್ಟಳು. ಜಾರಿ ಬೀಳುತ್ತದೆ ಎಂದು ಅವಳು ಚಷ್ಮಾ ತೆಗೆಯುತ್ತಿದ್ದಳು. ತೆಗೆದದ್ದರಿಂದಲೇ ಕಾಣುತ್ತಿತ್ತು ಎಂದು ಇಷ್ಟು ವರ್ಷ ಅವಳಿಗೆ ಗೊತ್ತಿರಲಿಲ್ಲ.

"ಮೊದಲ ಹೇಳಿದ್ರ, ಹತ್ತಿರದ್ದು ಕಾಣಾಕ ಒಂದು ಕಣ್ಣಿನ್ಯಾಗ ಒಂದೀಟು ನಂಬರ್ ಬಿಡತಿದ್ವಿ," ಎಂದರು ಡಾಕ್ಟರು.

"ಮೊದಲ ಕೇಳಿದ್ರ ಹೇಳತಿದ್ದೆ. ನೀವು ಲಿಂಬಿಕಾಯಿ ಕೇಳಿದ್ರಿ."

ಡಾಕ್ಟರು ತಲೆಯಾಡಿಸಿದರು. ಅದು ಒಪ್ಪಿಗೆಯೇ ಇರಬೇಕು. ಆಮೇಲೆ ಮಾತು ಕಡಿಮೆಯಾಗಿ ಕೆಲಸ ಹೆಚ್ಚಾಯಿತು. ಒಂದೊಂದೇ ಗಾಜು ಬದಲಿಸಿ, ಪೇಪರಿನ ದೂರಕ್ಕಲ್ಲ, ಆ ಒಂದು ಗೇಣಿಗೇ ಸರಿಯಾಗಿ ನಂಬರ್ ಹುಡುಕಿದರು. ಡ್ರಾಪ್ಸ್ ಬದಲಿಸಿದರು. ಎ.ಸಿ. ಗಾಳಿ ಮುಖಕ್ಕೆ ಬೇಡ, ಪೌಡರ್ ಬೇಡ, ಒಣಗುವುದು ಇನ್ನೂ ಮೂರು ನಾಲ್ಕು ತಿಂಗಳು ಇರುತ್ತದೆ ಎಂದರು. ಹೊರಡುವಾಗ ಯಕ್ಷಿತಾ ಫೈಲಿನ ಆ ಶಬ್ದಕ್ಕೆ ಗೆರೆ ಎಳೆದು, ಪೆನ್ನನ್ನು ರಾಜೇಸಾಬನ ಕಡೆ ಚಾಚಿದಳು. ಶಬ್ರೀನ ನಡುವೆಯೇ ಅದನ್ನು ಇಸಿದುಕೊಂಡಳು. ಅಕ್ಷರ ಕಾಣುತ್ತಿರಲಿಲ್ಲ. ಕೈ ಉದ್ದಕ್ಕೆ ಚಾಚಿ, ಕಣ್ಣು ಕಿರಿದು ಮಾಡಿ, ದೊಡ್ಡದಾಗಿ ಬರೆದಳು: ಐಬ್ರೋ.

ಲೋಕಲ್‌ನಲ್ಲಿ ರಾಜೇಸಾಬ, "ಪಾರ್ಲರಿನ ಎ.ಸಿ. ನಾ ಬಂದು ತಿರುಗಿಸಿ ಕೊಡ್ತೀನಿ," ಎಂದ. ಅವಳು ಕಿಟಕಿಯ ಹೊರಗೆ ನೋಡುತ್ತ, "ಬರ್ರಿ. ಪತ್ತಾ ಗೊತ್ತೈತಲ್ಲ?" ಎಂದಳು.

ಹದಿನೈದು ದಿನಕ್ಕೆ ಹೊಸ ಚಷ್ಮಾ ಬಂತು. "ಚಷ್ಮಾ ತಗಸಾಕ ಹೋಗಿ ಚಷ್ಮಾ ತಂದಳು," ಎಂದು ಚಾಂದಬಿ ಮೂರು ಮಾಳಿಗೆಗೂ ಕೇಳುವಂತೆ ಹೇಳಿದಳು. ಅದನ್ನು ಹಾಕಿಕೊಂಡರೆ ಒಂದು ಗೇಣಿನಾಚೆ ಎಲ್ಲ ಮಬ್ಬು. ಗೋಡೆ ಮಬ್ಬು, ಗಡಿಯಾರ ಮಬ್ಬು, ಸೋನಾಲಿಯ ಮುಖ ಮಬ್ಬು. ಮೊದಲು ತೆಗೆದು ಕೆಲಸ ಮಾಡುತ್ತಿದ್ದಳು, ಈಗ ಹಾಕಿ ಕೆಲಸ ಮಾಡಬೇಕು. ಹಾಕು-ತೆಗೆ ಅಷ್ಟೇ ಉಳಿಯಿತು, ತಿರುಗುಮುರುಗಾಗಿ. ಬಾಗಿದರೆ ಜಾರುವುದೂ ಹಾಗೆಯೇ ಉಳಿಯಿತು. ಅವಳು ಥ್ರೆಡಿಂಗಿನ ದಾರವನ್ನೇ ಎರಡೆಳೆ ಮಾಡಿ, ಚಷ್ಮಾದ ಕಡ್ಡಿಗಳಿಗೆ ಗಂಟು ಹಾಕಿ, ತಲೆಯ ಹಿಂದೆ ಬಿಗಿದು ಕಟ್ಟಿದಳು.

ಎರಡು ದಿನ ಪರೀಕ್ಷೆಗೆಂದು ಸೋನಾಲಿಯ ಹುಬ್ಬು, ಸೋನಾಲಿಯ ತಂಗಿಯ ಹುಬ್ಬು ಆದವು. ಮೂರನೆಯ ದಿನ ರಾಧಿಕಾ ಬಂದರು. ಎಡಬಾಲ ಅರ್ಧ ಬೆಳೆದಿತ್ತು. ಅವರು ಪೆಡಿಕ್ಯೂರಿನ ಮೂಲೆಯ ಕಡೆ ಒಮ್ಮೆ, ಖಾಲಿ ಕುರ್ಚಿಯ ಕಡೆ ಒಮ್ಮೆ ನೋಡಿದರು. ಆಮೇಲೆ ಕೂತು, ತಲೆ ಒರಗಿಸಿ, ಹಳೆಯ ಹಾಗೆ ಕಣ್ಣು ಮುಚ್ಚಿದರು.

"ಶಬ್ರೀನ, ವೋ ಪೆಡಿಕ್ಯೂರ್‌ವಾಲೀ ಬೈಠೀ ಹೈ," ಎಂದಳು ಸೋನಾಲಿ, ಮೂಲೆಯಲ್ಲಿ ಕಾಯುತ್ತಿದ್ದ ಗಿರಾಕಿಯ ಕಡೆ ಕೈ ತೋರಿಸಿ.

"ಪೈರ್ ಆಪ್ ದೇಖ್ ಲೋ, ಮೇಡಂ," ಎಂದು ಶಬ್ರೀನ ಕಾಲಿನ ಕೆಲಸವನ್ನು ಅವಳಿಗೇ ಬಿಟ್ಟಳು.

ದಾರ ಆಗಲೇ ಕೈಯಲ್ಲಿತ್ತು. ಅವಳು ಕಣ್ಣಿಗೆ ಎರಡು ಹನಿ ಬಿಟ್ಟುಕೊಂಡು, ಮಿಟುಕಿಸಿ, ಚಷ್ಮಾ ಕಟ್ಟಿ, ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಬಾಗಿದಳು. ಹೊಗೆ ಬಂತು, ತೆಳುವಾಯಿತು. ಬೆನ್ನಿಗೆ ಗೊತ್ತಿದ್ದ ಆ ಜಾಗದಲ್ಲಿ ಕೂದಲುಗಳು ಒಂದರಿಂದೊಂದು ಬೇರೆಯಾದವು. ಬೆಳೆಯುತ್ತಿದ್ದ ಬಾಲದಲ್ಲಿ ಹನ್ನೆರಡು ಇದ್ದವು. ಅವುಗಳಲ್ಲಿ ಒಂದನ್ನೂ ಅವಳು ಮುಟ್ಟಲಿಲ್ಲ.