ಕತ್ತಲೆ ಕೋಣೆಯ ಜೊತೆಗಾತಿ

ಹೈದರಾಬಾದಿನಲ್ಲಿ ಎಕ್ಸ್-ರೇ ಕೆಲಸ ಕಲಿತು ಲಿಂಗಸುಗೂರಿನ ದವಾಖಾನೆಗೆ ಬಂದಾಗ ನನಗಿನ್ನೂ ಮದುವೆಯಾಗಿರಲಿಲ್ಲ. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳವು. ಸುತ್ತಲಿನ ಸೀಮೆಗೆಲ್ಲ ಅದೊಂದೇ ಯಂತ್ರ, ಅದನ್ನು ನಡೆಸುವವನು ನಾನೊಬ್ಬನೇ. ಮಸ್ಕಿಯಲ್ಲಿದ್ದ ಅವ್ವ, "ಎಲುಬಿನ ಫೋಟೋ ತಗದು ಏನ್ ಮಾಡ್ತಾರಪ್ಪಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ರೊಟ್ಟಿ ಬಡಿಯಲು ಕೂತಿದ್ದಳು.

ಬೇಸಗೆಯಲ್ಲಿ ಹೊತ್ತೇರಿತೆಂದರೆ ಫಿಲ್ಮು ತೊಳೆಯುವ ಮದ್ದಿನ ನೀರು ಕಾದು, ಫಿಲ್ಮಿನ ಮೇಲಿನ ಚಿತ್ರದ ಪೊರೆ ಮೆತ್ತಗಾಗಿ ಜಾರುತ್ತಿತ್ತು. ಅದಕ್ಕೇ ಬೆಳಗಾಗುವ ಮೊದಲೇ ಕತ್ತಲೆ ಕೋಣೆ ಸೇರಿ, ಕೆಂಪು ದೀಪದಲ್ಲಿ ಹಿಂದಿನ ದಿನದ ಫಿಲ್ಮುಗಳನ್ನು ತೊಳೆಯುತ್ತಿದ್ದೆ. ಎಲುಬು ನಿಧಾನಕ್ಕೆ ಮೂಡಿ ಬರುವಾಗ "ಇಲ್ಲಿ ನೋಡು" ಎನ್ನಲು ಪಕ್ಕದಲ್ಲಿ ಯಾರೂ ಇರುತ್ತಿರಲಿಲ್ಲ. ಚಿತ್ರ ಚೆನ್ನಾಗಿ ಬಂದರೆ ಡಾಕ್ಟರ್ ಸಾಹೇಬರು ಎಲುಬನ್ನಷ್ಟೇ ನೋಡುತ್ತಿದ್ದರು. ಕೆಟ್ಟರೆ ಮಾತ್ರ ನನ್ನನ್ನು ಕರೆಸುತ್ತಿದ್ದರು.

ಒಂದು ದಿನ ಮುಕ್ಕುಂದದಿಂದ ಒಬ್ಬ ಹೆಣ್ಣುಮಗಳನ್ನು ಗಾಡಿಯಲ್ಲಿ ತಂದರು. ಬಾವಿಯ ಮೆಟ್ಟಿಲ ಮೇಲೆ ಜಾರಿ ಬಿದ್ದಿದ್ದಳು. ಹೊರಸಿನ ಮೇಲೆ ಹೊತ್ತು ತಂದರೆ, ಕಿಟಕಿ ಮುಚ್ಚಿದ ಎಕ್ಸ್-ರೇ ಕೋಣೆ ಕಂಡದ್ದೇ ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದಳು.

"ಗಂಡಸಿನ ಕೂಡ ಕತ್ತಲಾಗ ನಾ ಒಳಗ ಹೋಗಂಗಿಲ್ಲ."

ವಾರ್ಡಿನ ಆಯಾ ಓಡಿ ಬಂದಳು. ಸಿಂಧನೂರಿನ ಮುಸ್ಲಿಂ ಮನೆತನದ ವಿಧವೆ, ನನಗಿಂತ ಹಿರಿಯಳು. ಎಲ್ಲರೂ ಆಕೆಯನ್ನು ಅಕ್ಕ ಎಂಬರ್ಥದಲ್ಲಿ ಆಪಾ ಎನ್ನುತ್ತಿದ್ದೆವು.

"ನಾ ಅದೀನಿ, ಬಾರವ್ವಾ. ನಿನ್ನ ಮೈ ನಾ ಮುಟ್ತೀನಿ, ಅಂವ ಬರೇ ಗುಂಡಿ ಒತ್ತತಾನ."

ಪಾದ ಎತ್ತ ತಿರುಗಿಸಬೇಕು, ಕಾಲು ಅಲುಗದಂತೆ ಮರಳಿನ ಚೀಲ ಎಲ್ಲಿಡಬೇಕು ಎಂದು ನಾನು ದೂರದಿಂದ ಹೇಳಿದೆ, ಆಪಾ ಹಾಗೆಯೇ ಮಾಡಿದಳು.

"ಇನ್ನ ಹಿಂದಕ ಬರ್ರಿ ಆಪಾ."

"ಹೆದರ್ಯಾಳ. ಕೈ ಹಿಡ್ಕೊಂಡು ನಿಂದರ್ತೀನಿ."

"ಬ್ಯಾಡ್ರಿ. ಆ ಕಿರಣ ಕಣ್ಣಿಗೆ ಕಾಣಂಗಿಲ್ಲ, ದಿನಾ ಬಿದ್ರ ಕೈ ಸುಡ್ತದ. ನನಗ ಕಲಿಸಿದವರ ಬೆರಳು ನೋಡೀನಿ."

ಆಪಾ ಕೈ ಬಿಟ್ಟು ಹಿಂದೆ ಸರಿದಳು, ನಾನು ಗುಂಡಿ ಒತ್ತಿದೆ. ತೊಡೆಯ ಎಲುಬಿನ ಬಿರುಕು ಸ್ಪಷ್ಟವಾಗಿ ಬಂತು. ಸುಗ್ಗಿಯ ಹೊತ್ತಿಗೆ ಆ ಹೆಣ್ಣುಮಗಳು ಕೋಲೂರಿ ನಡೆದಾಡುತ್ತಿದ್ದಳೆಂದು ಆಮೇಲೆ ಕೇಳಿದೆ.

ಮರುದಿನ ಆಪಾ ನನ್ನ ಬಾಗಿಲಿಗೆ ಬಂದು, "ತಮ್ಮಾ, ಆ ಫೋಟೋ ನನಗೂ ತೋರ್ಸು" ಎಂದಳು. ದವಾಖಾನೆಯಲ್ಲಿ ಹಾಗೆ ಕೇಳಿದವಳು ಆಕೆಯೇ ಮೊದಲು. ಅಂದಿನಿಂದ ನಾನು ಕಲಿಸಿದೆ, ಆಕೆ ಕಲಿತಳು. ಆಕೆಗೆ ದವಾಖಾನೆಯ ಉರ್ದು ಕಾಗದ ಓದಲು ಬರುತ್ತಿತ್ತು, ಕೈ ಹಗುರ. ಸಾಲಗುಂದ, ಜವಳಗೇರಾ ಕಡೆಯ ಹೆಂಗಸರು ಅಂಜದೆ ಬರತೊಡಗಿದರು. ಮದ್ದಿನ ನೀರಿನಲ್ಲಿ ಫಿಲ್ಮು ಎಷ್ಟು ಹೊತ್ತು ಇರಬೇಕೆಂದು ನಾವಿಬ್ಬರೂ ಜಗಳಾಡುತ್ತಿದ್ದೆವು. ಆ ಜಗಳಕ್ಕಾಗಿಯೇ ನಾನು ಬೆಳಿಗ್ಗೆ ಬೇಗ ಏಳುತ್ತಿದ್ದೆ.

"ಆಪಾನ್ನ ಹೈದರಾಬಾದಿಗೆ ಕಳಿಸ್ರಿ, ಪೂರಾ ಕಲ್ತು ಬರ್ಲಿ" ಎಂದು ಸಾಹೇಬರನ್ನು ಕೇಳಿದೆ. "ಆಯಾನ್ನ?" ಎಂದು ನಕ್ಕರು. ನಾನು ಬೆನ್ನು ಬಿಡಲಿಲ್ಲ. ಕೊನೆಗೆ ಶಿಫಾರಸು ಮಾಡಿದರು. ಆಪಾ ಹೋದಳು.

ತಿರುಗಿ ಬರಲಿಲ್ಲ. ಅಲ್ಲಿಯ ಹೆಂಗಸರ ದವಾಖಾನೆಯಲ್ಲೂ ಈ ಕೆಲಸ ಬಲ್ಲ ಹೆಣ್ಣುಮಗಳು ಇರಲಿಲ್ಲವಂತೆ, ಅವರೇ ಕೆಲಸಕ್ಕೆ ಸೇರಿಸಿಕೊಂಡರು. ಸುದ್ದಿ ತಿಳಿದ ದಿನ ನಾನು ಎಲ್ಲರಿಗೂ ಬತ್ತಾಸು ಹಂಚಿದೆ. ಆಮೇಲೆ ಕತ್ತಲೆ ಕೋಣೆಗೆ ಹೋಗಿ ದೀಪ ಹಚ್ಚದೆ ಬಹಳ ಹೊತ್ತು ಕೂತಿದ್ದೆ. ಮೊದಲೂ ಒಬ್ಬನೇ ಇದ್ದೆ, ಆದರೆ ಆಗ ಏನು ಕಡಿಮೆಯಿದೆ ಎಂಬುದು ಗೊತ್ತಿರಲಿಲ್ಲ. ಹೆಂಗಸರು ಬಂದು ಆಪಾ ಎಲ್ಲಿ ಎಂದು ಕೇಳಿ, ಕೆಲವರು ಹಾಗೆಯೇ ಹಿಂದಿರುಗಿದರು.

ಒಮ್ಮೆ ಸಿಂಧನೂರಿಗೆ ಮದುವೆಗೆ ಹೋಗುವಾಗ ಆಕೆ ದಾರಿ ಸುತ್ತಾದರೂ ಲಿಂಗಸುಗೂರಿನಲ್ಲಿ ಇಳಿದು ಬಂದಳು. ಚಹಾ ಬೇಡವೆಂದು ಫಿಲ್ಮುಗಳನ್ನು ಕೇಳಿ, ಕಿಟಕಿಗೆ ಹಿಡಿದು ನೋಡಿದಳು.

"ಇದು ಅಲುಗ್ಯಾದ."

"ಮುದುಕ ಆಪಾ, ದಮ್ಮು ಹಿಡೀಲಿಲ್ಲ."

"ಹಿಡಿಯೂ ಹಂಗ ನೀ ಹೇಳಬೇಕಿತ್ತು, ತಮ್ಮಾ."

ಇಬ್ಬರೂ ನಕ್ಕೆವು. ಸಂಜೆಯ ಮೋಟಾರು ಬರುವವರೆಗೂ ಎಲುಬು, ಫಿಲ್ಮು ಬಿಟ್ಟು ಬೇರೆ ಮಾತಾಡಲಿಲ್ಲ. ಆಕೆಯನ್ನು ಹತ್ತಿಸಿ ಬಂದಾಗ, ಕೈ ಮುರಿದುಕೊಂಡ ಕುರುಬನೊಬ್ಬ ನನ್ನ ಬಾಗಿಲಲ್ಲಿ ಕೂತಿದ್ದ.