ವಿಮಾನದಲ್ಲಿ ಉಬ್ಬಿದ ಹಿಟ್ಟು

ಬ್ರೆಡ್ ಅಂಗಡಿಯವನನ್ನು ಬೀದಿಯವರು ‘ಗಡಿಯಾರ’ ಎಂದೇ ಕರೆಯುತ್ತಿದ್ದರು. ಕೈಗೆ ಗಡಿಯಾರ ಕಟ್ಟಿದವನಲ್ಲ. ನಾದಿಟ್ಟ ಹಿಟ್ಟನ್ನು ಬೆರಳಲ್ಲಿ ಒತ್ತಿ ನೋಡಿ ಹೊತ್ತೆಷ್ಟಾಯಿತೆಂದು ಹೇಳುವವನು. ಆ ವಿದ್ಯೆ ಕಲಿಸಿದ್ದು ಅಕ್ಕ. ಬ್ರೆಡ್ ಉಬ್ಬಿಸುವ ಹುಳಿಹಿಟ್ಟನ್ನು ಅವರಮ್ಮ ದಿನಾ ಹೊಸ ಹಿಟ್ಟು, ನೀರು ಉಣಿಸಿ ಮಗುವಿನಂತೆ ಸಾಕಿದ್ದಳು. ಮದುವೆಯಾಗಿ ಪಶ್ಚಿಮಕ್ಕಿದ್ದ ದೂರದ ನಗರಕ್ಕೆ ಹೋಗುವಾಗ ಅಕ್ಕ ಅದರಲ್ಲಿ ಅರ್ಧ ಒಯ್ದಿದ್ದಳು; ಉಳಿದರ್ಧ ತಮ್ಮನ ಅಂಗಡಿಯಲ್ಲೇ ಇತ್ತು.

ಈಗ ಅವಳೂ ಅಲ್ಲಿ ಬ್ರೆಡ್ ಅಂಗಡಿ ತೆರೆಯುವವಳಿದ್ದಳು. ಇನ್ನೇನು ಮೂರು ದಿನ ಇದೆ ಎನ್ನುವಾಗ ಭಾವ ಸಹಾಯ ಮಾಡಲು ಹೋಗಿ ಹುಳಿಹಿಟ್ಟಿನ ಜಾಡಿಯನ್ನು ಫಳಫಳ ತೊಳೆದಿಟ್ಟುಬಿಟ್ಟ.

“ಅಮ್ಮನ ಹಿಟ್ಟಿಲ್ಲದೆ ನಾನು ಬಾಗಿಲು ತೆಗೆಯಲ್ಲ ಕಣೋ,” ಎಂದಳು ಅಕ್ಕ ಫೋನಿನಲ್ಲಿ.

ತಮ್ಮ ಟಿಕೆಟ್ ತೆಗೆಸಿದ. ಬೆಳಿಗ್ಗೆ ಎಂಟಕ್ಕೆ ಹೊರಟರೆ ಹನ್ನೊಂದಕ್ಕೆ ಅಲ್ಲಿ. ಮೂರೇ ಗಂಟೆ! ಹೆಂಡತಿ ವಾಪಸು ಟಿಕೆಟ್ ನೋಡಿ ಹುಬ್ಬೇರಿಸಿದಳು: ಮಧ್ಯಾಹ್ನ ಹನ್ನೆರಡಕ್ಕೆ ಹೊರಟು ರಾತ್ರಿ ಹತ್ತಕ್ಕೆ ತಲುಪುವುದು.

“ಹೋಗೋವಾಗ ಹಾರ್ಕೊಂಡು ಹೋಗಿ, ಬರೋವಾಗ ನಡ್ಕೊಂಡು ಬರುತ್ತಾ ಇದು? ಯಾರನ್ನಾದ್ರೂ ಕೇಳ್ರೀ.”

“ಎದುರುಗಾಳಿ ಇರುತ್ತೆ ಕಣೇ,” ಎಂದ ಗಡಿಯಾರ.

ಅಕ್ಕನೆದುರು ಮುಚ್ಚಳ ತೆಗೆದಾಗ ಹಿಟ್ಟು ಕಂಠಮಟ್ಟ ಉಬ್ಬಿರಬೇಕೆಂಬುದು ಅವನ ಆಸೆ. ಮೂರು ಗಂಟೆಯ ಲೆಕ್ಕಕ್ಕೇ ಬೆಚ್ಚನೆಯ ನೀರು ಹಾಕಿ ಕಲಸಿ, ಡಬ್ಬಿಗೆ ತುಂಬಿಕೊಂಡು ವಿಮಾನ ಹತ್ತಿದ.

ಮೂರು ಗಂಟೆ ಕಳೆದರೂ ಕೆಳಗೆ ಬರೀ ಸಮುದ್ರ. ಅವನ ಚಡಪಡಿಕೆ ನೋಡಿ, ಪಕ್ಕದ ಸೀಟಿನ ಅಜ್ಜಿ ಬಿಡಿಸಿ ಹೇಳಿದಳು: ಅಲ್ಲಿ ಸೂರ್ಯ ತಡವಾಗಿ ಏಳುತ್ತಾನೆ, ಅಲ್ಲಿನ ಗಡಿಯಾರಗಳು ಮೂರೂವರೆ ಗಂಟೆ ಹಿಂದೆ; ಟಿಕೆಟ್ ಏನೇ ಹೇಳಲಿ, ಹೋಗಲಿಕ್ಕೂ ಬರಲಿಕ್ಕೂ ಆರೂವರೆ ಗಂಟೆಯ ದಾರಿ. ಅವನ ಕಣ್ಣು ಮೆಲ್ಲಗೆ ಡಬ್ಬಿ ಇಟ್ಟಿದ್ದ, ತಲೆಯ ಮೇಲಿನ ಸಾಮಾನಿನ ಗೂಡಿನತ್ತ ಹೋಯಿತು.

ಇನ್ನೂ ಒಂದು ಗಂಟೆಯ ದಾರಿ ಉಳಿದಿರುವಾಗ ಒಳಗೆ ‘ಟಪ್’ ಎಂದಿತು. ಗೂಡಿನ ಅಂಚಿನಿಂದ ಹಿಟ್ಟು ಸೋಮಾರಿಯಂತೆ ಇಳಿದು ಅಜ್ಜಿಯ ನೀಲಿ ಶಾಲಿನ ಮಡಿಕೆಗೆ ಬಿತ್ತು. ಗಗನಸಖಿ ಓಡಿಬಂದು ಗೂಡನ್ನೆಲ್ಲ ಒರೆಸಿ, ಡಬ್ಬಿಯನ್ನೂ ಕಸಕ್ಕೆ ಹಾಕಿದಳು. ಅಕ್ಕನಿಗೆ ಯಾವ ಮುಖ ತೋರಿಸಲಿ ಎಂದು ಅವನು ಕುಸಿದು ಕೂತ. ಆಮೇಲೆ ಶಾಲು ಕಂಡಿತು.

“ಅಜ್ಜಿ, ಆ ಶಾಲು ಒಂಚೂರು ಕೊಡ್ತೀರಾ?”

“ಒಗೆದು ಕೊಡ್ತೀಯೇನಪ್ಪಾ?”

“ಒಗೆಯೋಕಲ್ಲ. ಕೆರೆಯೋಕೆ.”

ಕಥೆಯೆಲ್ಲ ಕೇಳಿ ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಶಾಲು ಬಿಟ್ಟು ತಾನು ಹೋಗುವವಳಲ್ಲ, ತಾನೂ ಬರುತ್ತೇನೆಂದು ಅವನ ಜೊತೆಗೇ ಹೊರಟಳು.

ಇನ್ನೂ ಬಣ್ಣದ ವಾಸನೆ ಹೋಗದ ಅಂಗಡಿಯಲ್ಲಿ ಅಜ್ಜಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಅಕ್ಕ ಚಮಚದಲ್ಲಿ ಶಾಲು ಕೆರೆದಳು. ಸಿಕ್ಕಿದ್ದು ಗೋಲಿಯಷ್ಟು. ಉಣಿಸಿ ಜಾಡಿಗೆ ಹಾಕಿದಳು. ಭಾವನನ್ನು ಆ ಕಡೆ ಸುಳಿಯಲೂ ಬಿಡಲಿಲ್ಲ. ಮರುದಿನ ಸಂಜೆಗೆ ಹಿಟ್ಟು ಕಂಠಮಟ್ಟ ಬಂದಿತ್ತು.

“ಗಡಿಯಾರ ಅಂತೆ ಗಡಿಯಾರ,” ಎಂದು ಅಕ್ಕ ತಮ್ಮನ ಕಿವಿ ಹಿಂಡಿದಳು. “ಎಷ್ಟು ದೂರ ಅಂತ ಅಮ್ಮನ ಹಿಟ್ಟಿಗೆ ಗೊತ್ತಾಯ್ತು, ನಿನಗೆ ಗೊತ್ತಾಗ್ಲಿಲ್ಲ.”

ಅಂಗಡಿ ತೆರೆದ ಬೆಳಿಗ್ಗೆ ಮೊದಲ ಬ್ರೆಡ್ ಅಜ್ಜಿಗೇ. ಒಂದು ಚೂರು ಮುರಿದಾಗ ಒಳಗಿಂದ ಸಣ್ಣ ನೀಲಿ ಎಳೆಯೊಂದು ಇಣುಕಿತು. ಅಜ್ಜಿ ಅದನ್ನು ಮೆಲ್ಲಗೆ ಎಳೆದು ತೆಗೆದು ಶಾಲಿಗೆ ಅಂಟಿಸಿಕೊಂಡು, ಇನ್ನೊಂದು ಚೂರು ಮುರಿದಳು.