ಕಾರು ನೋಡುವ ಶಾಸ್ತ್ರ

ಈ ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ಒಂದು ಹಳೆಯ ಅಮೆರಿಕನ್ ಕಾರು ಗುಡುಗುಡು ಎನ್ನುತ್ತಾ ಹಾದುಹೋಯಿತು. ಅದು ತಿರುವಿನಲ್ಲಿ ಮರೆಯಾದ ಮೇಲೂ ಪೂರ್ತಿ ಉರಿಯದ ಪೆಟ್ರೋಲಿನ ವಾಸನೆ ಅಲ್ಲೇ ನಿಂತಿತ್ತು. ನನ್ನ ಪಕ್ಕದಲ್ಲಿದ್ದ ಇಬ್ಬರು ಮೂಗು ಸಿಂಡರಿಸಿದರು. ಪಕ್ಕ ಎಂದರೆ ಸ್ವೀಡನ್ನಿನ ಲೆಕ್ಕದಲ್ಲಿ ಪಕ್ಕ. ನಮ್ಮ ಕಡೆಯಾದರೆ ನಡುವೆ ಒಂದು ದಿಬ್ಬಣವೇ ಹೋಗಬಹುದು. ನಾನು ಮಾತ್ರ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಎದೆ ತುಂಬ ಉಸಿರೆಳೆದುಕೊಂಡೆ. ಐವತ್ತು ದಾಟಿದ ಹೆಂಗಸು, ಕೈಯಲ್ಲಿ ಊಟದ ಡಬ್ಬಿ ಹಿಡಿದು ಹೊಗೆ ಕುಡಿಯುತ್ತಿದ್ದಾಳೆ! ಕಂಡವರು ಏನೆಂದುಕೊಂಡಾರು?

ನಿಮಗೆ ಹೇಳಲೇಬೇಕು, ಕೆಲವು ವರ್ಷಗಳ ಹಿಂದೆ ಅಂಥದೇ ಒಂದು ಕಾರನ್ನು ಇನ್ನೇನು ನಾನು ಕೊಂಡೇಬಿಡುವವಳಿದ್ದೆ. ಇದನ್ನು ಕೇಳಿ ನನ್ನ ಆಫೀಸಿನವರು ನಕ್ಕರು. ನಗದೆ ಏನು ಮಾಡುತ್ತಾರೆ? ಇಲ್ಲಿನ ಸೋಡರ್‌ಟೆಲ್ಯೆ ಪಟ್ಟಣದಲ್ಲಿ ಲಾರಿ ಎಂಜಿನ್‌ಗಳ ಸದ್ದು ಅಳೆದು, ಅದನ್ನು ಅಡಗಿಸುವ ದಾರಿ ಹುಡುಕುವುದು ನನ್ನ ಕೆಲಸ. ಎಂಜಿನ್ ಎಷ್ಟು ಮೆತ್ತಗೆ ಓಡಿದರೆ ನನಗೆ ಅಷ್ಟು ಒಳ್ಳೆಯ ಹೆಸರು. ಹಗಲೆಲ್ಲ ಹೀಗೆ ಮೌನ ತಯಾರಿಸಿ ಸಂಜೆ ಮನೆಗೆ ಬಂದರೆ ಅಲ್ಲೂ ಅದೇ ಸರಕು. ಫ್ರಿಜ್ ಒಂದು ಆಗಾಗ ಗೊಣಗುತ್ತಿತ್ತು. ಮೇಲಿನ ಮನೆಯವರ ಹೆಸರು ಅವರ ಬಾಗಿಲ ಮೇಲೆ ಬರೆದಿರುವುದರಿಂದ ಗೊತ್ತು, ಮುಖ ಗೊತ್ತಿಲ್ಲ. ಶುಕ್ರವಾರ ಸಂಜೆ ಸಹೋದ್ಯೋಗಿಗಳಿಗೆ ‘ವಾರಾಂತ್ಯ ಚೆನ್ನಾಗಿರಲಿ’ ಎಂದು ಹೇಳಿ ಬಂದರೆ ಸೋಮವಾರದವರೆಗೆ ಬಾಯಿಗೆ ಕೆಲಸವಿರುತ್ತಿರಲಿಲ್ಲ. ಒಂಟಿತನ ಎಂಬ ಮಾತನ್ನು ಬಳಸಲು ನನಗೆ ನಾಚಿಕೆ. ಆದರೆ ಇದ್ದದ್ದು ಅದೇ.

ಬೇಸಿಗೆಯ ಒಂದು ಸಂಜೆ ಪೇಟೆಯ ಚೌಕದಲ್ಲಿ ಕೂತಿದ್ದೆ. ಇಲ್ಲಿ ಬಿಸಿಲು ಬಂತೆಂದರೆ ಹಳೆಯ ಅಮೆರಿಕನ್ ಕಾರುಗಳೂ ಶೆಡ್ಡುಗಳಿಂದ ಹೊರಬರುತ್ತವೆ. ಅವುಗಳಲ್ಲಿ ಜನ ಕಿಟಕಿ ಇಳಿಸಿ, ಹಾಡು ಹಾಕಿಕೊಂಡು, ಎಲ್ಲಿಗೂ ಹೋಗದೆ ಊರನ್ನೇ ಸುತ್ತುತ್ತಾರೆ. ಮಸಲ್ ಕಾರು ಎಂದು ಕರೆಯುವ ಜಾತಿಯವಂತೂ ಗರಡಿ ಪೈಲ್ವಾನರ ಹಾಗೆ: ತಿನ್ನುವುದು ಬಹಳ, ಮನೆಗೆಲಸಕ್ಕೆ ಆಗುವುದು ಕಡಿಮೆ. ಅಂಥ ಒಂದು ಕಾರಿನಿಂದ ಯಾರೋ ನನ್ನತ್ತ ಕೈಬೀಸಿ ‘ಹೇಯ್’ ಎಂದು ಕೂಗಿದರು. ನನಗೇ ಕೂಗಿದ್ದು, ಹಿಂದೆ ತಿರುಗಿ ನೋಡಿ ಖಚಿತಪಡಿಸಿಕೊಂಡೆ. ಆ ರಾತ್ರಿಯೇ ಮಾರಾಟದ ಜಾಹೀರಾತುಗಳನ್ನು ನೋಡತೊಡಗಿದೆ.

ಕಡುಹಸಿರು ಬಣ್ಣದ ಒಂದು ಕಾರು ಕಣ್ಣಿಗೆ ಬಿತ್ತು. ಎಪ್ಪತ್ತರ ದಶಕದ್ದು, ಉದ್ದ ಮೂತಿ, ಎರಡೇ ಬಾಗಿಲು. ನಮ್ಮ ಕನ್ನಡ ಬಳಗದ ರಶ್ಮಿಗೆ ಫೋಟೊ ಕಳಿಸಿದೆ. ಅವಳು ಕೂಡಲೇ ಫೋನ್ ಮಾಡಿ, “ಅಕ್ಕಾ, ಸೀರಿಯಸ್ಲಿ? ಎಲ್ಲರೂ ಎಲೆಕ್ಟ್ರಿಕ್ ತಗೋತಿದಾರೆ, ನೀವು ನೋಡಿದ್ರೆ ಪೆಟ್ರೋಲ್ ಬಂಕನ್ನೇ ದತ್ತು ತಗೊಳ್ಳೋಕೆ ಹೊರಟಿದೀರ!” ಎಂದಳು. ತುಮಕೂರಿನಲ್ಲಿ ಅಣ್ಣನ ಮನೆಯಲ್ಲಿರುವ ಅಮ್ಮನ ಚಿಂತೆ ಬೇರೆ.

“ಎರಡೇ ಬಾಗ್ಲಾ? ಹಿಂದ್ಗಡೆ ಕೂರೋರು ಹೆಂಗೆ ಹತ್ತಬೇಕೇ?”

“ಹಿಂದೆ ಕೂರೋರು ಯಾರೂ ಇಲ್ವಲ್ಲಮ್ಮ.”

ಅಮ್ಮ, “ಹೂಂ, ಹಂಗಾರೆ ಸರಿ ಬಿಡು,” ಎಂದಳು.

ಶನಿವಾರ ಬಸ್ ಹಿಡಿದು ಹೋದೆ. ಹೊಲಗಳ ಅಂಚಿನಲ್ಲಿ ಒಂದು ಕೆಂಪು ಮರದ ಮನೆ, ಪಕ್ಕದಲ್ಲಿ ಶೆಡ್ಡು. ಕಾರು ಯಾರೋ ಗಂಡಸಿನದೆಂದೇ ನಾನು ಎಣಿಸಿದ್ದೆ. ಬಾಗಿಲು ತೆರೆದದ್ದು ಎಪ್ಪತ್ತೈದರ ಆಸುಪಾಸಿನ ತೆಳ್ಳನೆಯ ಹೆಂಗಸು, ಬಿರ್ಗಿಟ್. ಪ್ರಾಯದಲ್ಲಿ ಕೊಂಡ ಕಾರು, ಮದುವೆ ಮಕ್ಕಳು ಎಂದು ಹೋಗದೆ ಅದನ್ನೇ ಓಡಿಸಿಕೊಂಡಿದ್ದರು. ಈಗ ದೃಷ್ಟಿ ಮಂದವಾಗಿ ಲೈಸೆನ್ಸ್ ಹೋಗಿತ್ತು. ಸ್ವೀಡಿಷಿನಲ್ಲಿ ಚಿಕ್ಕವರು ದೊಡ್ಡವರು ಎಲ್ಲರೂ ಎಲ್ಲರಿಗೂ ‘ನೀನು’. ನಾನೂ ಹಾಗೇ ಕರೆದೆ, ಆದರೆ ಮನಸ್ಸಿನೊಳಗೆ ಬಹುವಚನ ತಾನಾಗಿಯೇ ಬಂದು ಕೂತಿತು.

ನಾನು ಶೆಡ್ಡಿನ ಕಡೆ ಹೊರಟರೆ ಅವರು ತಡೆದರು. “ಮೊದಲು ಕಾಫಿ. ಕಾರು ಎಲ್ಲಿಗೂ ಓಡಿಹೋಗಲ್ಲ.”

ಮೇಜಿನ ಮೇಲೆ ಇಸ್ತ್ರಿ ಮಾಡಿದ ಬಟ್ಟೆ, ಹೂವಿನ ಚಿತ್ರದ ಕಪ್ಪುಗಳು, ದಾಲ್ಚಿನ್ನಿ ಬನ್ನು, ತಟ್ಟೆಯಲ್ಲಿ ಬಗೆಬಗೆಯ ಬಿಸ್ಕತ್ತು. ಬಿರ್ಗಿಟ್ ಎದುರಿಗೆ ಕೂತು ಕಾರಿನ ಗುಣಗಾನ ಶುರುಮಾಡಿದರು. ಚಳಿಗಾಲದಲ್ಲಿ ಒಮ್ಮೆಯೂ ಹೊರಗೆ ತೆಗೆದಿಲ್ಲ, ಹಿಮ ಕರಗಲೆಂದು ಉಪ್ಪು ಹಾಕಿದ, ತುಕ್ಕು ಹಿಡಿಸುವ ರಸ್ತೆ ಕಂಡೇ ಇಲ್ಲ, ಬೇರೆಯವರ ಕೈಗೆ ಕೊಟ್ಟಿಲ್ಲ. ನಾನು ಬನ್ನು ಮುರಿಯುತ್ತಾ ಕೇಳುತ್ತಿದ್ದೆ. ಇದನ್ನೆಲ್ಲ ಎಲ್ಲೋ ನೋಡಿದ್ದೇನೆ ಅನ್ನಿಸಿತು. ಬಿಸ್ಕತ್ತಿನ ತಟ್ಟೆಯನ್ನು ಅವರು ನನ್ನತ್ತ ಮತ್ತೊಂದು ಸಲ ಸರಿಸಿದಾಗ ಹೊಳೆದುಬಿಟ್ಟಿತು. ಅಯ್ಯೋ ದೇವರೇ, ಇದು ಹೆಣ್ಣು ನೋಡುವ ಶಾಸ್ತ್ರ! ನಾನು ಗಂಡಿನ ಕಡೆಯವಳಾಗಿ ಬಂದು ಕೂತಿದ್ದೇನೆ!

ಈ ಶಾಸ್ತ್ರದಲ್ಲಿ ನನಗಿರುವ ಅನುಭವ ಸಾಮಾನ್ಯದ್ದಲ್ಲ. ನನ್ನನ್ನು ಎಷ್ಟು ಮಂದಿ ನೋಡಿಹೋದರೆಂದು ಕೇಳಬೇಡಿ; ನಮ್ಮ ಬೀದಿಯ ಅಂಗಡಿಯಲ್ಲಿ ಬನ್ಸಿ ರವೆ ನನ್ನ ದೆಸೆಯಿಂದಲೇ ಖರ್ಚಾಗುತ್ತಿತ್ತು. ಕುಂಕುಮದ ಬಣ್ಣದ ರೇಷ್ಮೆ ಸೀರೆ ಉಟ್ಟು ಉಪ್ಪಿಟ್ಟು ಕೇಸರಿಬಾತು ತಂದಿಡುತ್ತಿದ್ದೆ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದ್ದೇನೆ ಎಂದ ಕೂಡಲೇ ಹುಡುಗನ ಕಡೆಯವರು ಉಪ್ಪಿಟ್ಟಿನಲ್ಲಿ ಕಲ್ಲು ಸಿಕ್ಕವರಂತೆ ಮುಖ ಮಾಡುತ್ತಿದ್ದರು. ಒಬ್ಬ ಹೆಂಗಸು, ಹುಡುಗನ ಸೋದರತ್ತೆಯಂತೆ, ‘ಎಷ್ಟು ಉದ್ದ ಕೂದ್ಲು ಮಗೂ’ ಎಂದು ಮುದ್ದು ಮಾಡುವ ನೆಪದಲ್ಲಿ ನನ್ನ ಜಡೆಯನ್ನು ಹಿಡಿದು ಜಗ್ಗಿದಳು. ಒಳಗೆ ಚೌರಿ ಸೇರಿಸಿದ್ದೇವೆಯೇ ಎಂದು ಪರೀಕ್ಷೆ. ಅಮ್ಮ ಅದನ್ನು ಕಂಡೂ ಕಾಣದವಳಂತೆ ಕಿಟಕಿಯ ಕಡೆ ತಿರುಗಿಕೊಂಡಳು. ಎಲ್ಲ ಆದಮೇಲೆ ಎಲ್ಲರದ್ದೂ ಒಂದೇ ಮಾತು: “ಊರಿಗೋಗಿ ಕಾಗದ ಹಾಕ್ತೀವಿ.” ಕಾಗದ ಬರುತ್ತಿರಲಿಲ್ಲ. ಬೇಡ ಎನ್ನುವುದಕ್ಕೂ ಒಂದು ಅಂಚೆ ಕಾರ್ಡು ಹಾಕಬಾರದೇ? ಅಮ್ಮ ಅಂಚೆಯವನ ಹೊತ್ತಿಗೆ ಸುಮ್ಮಸುಮ್ಮನೆ ಬಾಗಿಲು ಗುಡಿಸುತ್ತಿದ್ದಳು. ಕೊನೆಗೆ ನನಗೆ ಮೊದಲು ಸಾಕಾಯಿತೋ ಅಮ್ಮನಿಗೋ ತಿಳಿಯದು, ಶಾಸ್ತ್ರ ನಿಂತಿತು, ಉಪ್ಪಿಟ್ಟನ್ನು ನಾವೇ ತಿಂದೆವು.

ಕಾಫಿಯಾದ ಮೇಲೆ ಶೆಡ್ಡಿಗೆ ಹೋದೆವು. ಹೆಣ್ಣು ಚೆನ್ನಾಗಿತ್ತು. ಮೇಣ ತಿಕ್ಕಿ ಮುಖ ಕಾಣುವಂತೆ ಮಾಡಿದ್ದರು. ಆದರೆ ನಾನು ಓದಿಕೊಂಡು ಬಂದವಳಲ್ಲವೇ, ಕೋಟಿನ ಜೇಬಿನಲ್ಲಿ ಒಂದು ಆಯಸ್ಕಾಂತ ಇಟ್ಟುಕೊಂಡಿದ್ದೆ. ತುಕ್ಕು ತಿಂದ ಜಾಗವನ್ನು ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದರೆ ಆಯಸ್ಕಾಂತ ಅಲ್ಲಿ ಕಚ್ಚುವುದಿಲ್ಲ. ಬಾಗಿಲಿಗೆ ಹಿಡಿದೆ, ಕಚ್ಚಿತು. ಹಿಂದಿನ ಚಕ್ರದ ಮೇಲಿನ ಕಮಾನಿಗೆ ಹಿಡಿದೆ, ಟಣ್ ಎಂದು ನೆಲಕ್ಕೆ ಬಿತ್ತು. ತಲೆಯೆತ್ತಿದರೆ ಬಿರ್ಗಿಟ್ ಶೆಡ್ಡಿನ ಕಿಟಕಿಯ ಕಡೆ ತಿರುಗಿಕೊಂಡಿದ್ದರು. ನನ್ನ ಕಿವಿ ಬಿಸಿಯಾಯಿತು. ಆಯಸ್ಕಾಂತವನ್ನು ಎತ್ತಿ, ಕೈಯಿಂದ ಬಿದ್ದ ನಾಣ್ಯವೋ ಏನೋ ಎಂಬಂತೆ ಜೇಬಿಗೆ ಹಾಕಿಕೊಂಡೆ.

ಆಮೇಲೆ ಓಡಿಸಿ ನೋಡುವುದು. ಅವರು ಪಕ್ಕದಲ್ಲಿ ಕೂತರು. ಕೀಲಿ ತಿರುಗಿಸಿದೆ. ಮೊದಲು ಒಂದು ಕೆಮ್ಮು, ಆಮೇಲೆ ಸೀಟು, ಸ್ಟೇರಿಂಗ್, ನನ್ನ ಪಕ್ಕೆಲುಬು ಎಲ್ಲ ಒಟ್ಟಿಗೆ ಅದುರಿದವು. ಕೆಲಸದಲ್ಲಿ ಇಂಥ ಸದ್ದು ಕೇಳಿದ್ದರೆ ನಾಲ್ಕು ಪುಟ ವರದಿ ಬರೆಯುತ್ತಿದ್ದೆ. ಅಲ್ಲಿ ನಕ್ಕುಬಿಟ್ಟೆ. ಕೆರೆಯ ದಂಡೆಯ ಐಸ್‌ಕ್ರೀಮ್ ಅಂಗಡಿಯವರೆಗೆ ಹೋಗಿ ಬಂದೆವು. ಬಿರ್ಗಿಟ್ ಕಿಟಕಿ ಇಳಿಸಿ, ಕಣ್ಣು ಮುಚ್ಚಿಕೊಂಡು, “ಅವಸರ ಮಾಡಬೇಡ. ಗೇರ್ ಯಾವಾಗ ಬದಲಿಸಬೇಕು ಅಂತ ಅದೇ ಹೇಳುತ್ತೆ, ಕೇಳಿಸ್ಕೋ,” ಎನ್ನುತ್ತಿದ್ದರು. ಎಂಜಿನ್ನಿನ ಬಲಗಡೆ ಸಣ್ಣಗೆ ಟಿಕ್ ಟಿಕ್ ಎನ್ನುವ ಒಂದು ವಾಲ್ವ್ ಇತ್ತು. ನಾನು ಹೇಳುವುದೋ ಬೇಡವೋ ಎಂದುಕೊಳ್ಳುವಷ್ಟರಲ್ಲಿ, “ಅದಾ? ಅದು ಮೊದಲಿಂದ ಹಾಗೇ. ಅದಿಲ್ಲದಿದ್ದರೆ ನನಗೆ ನಿದ್ದೆ ಬರಲ್ಲ,” ಎಂದರು. ಸದ್ದಿನ ಬಗ್ಗೆ ಸಂಬಳವಿಲ್ಲದೆ ನಾನು ಯಾರೊಂದಿಗಾದರೂ ಮಾತಾಡಿದ್ದು ಅದೇ ಮೊದಲು.

ಹೊರಡುವಾಗ ನನ್ನ ಬಾಯಿಂದ ಬಂದ ಮಾತು ಯಾವುದೆಂದು ನೀವು ಊಹಿಸಿರುತ್ತೀರಿ. ‘ಯೋಚಿಸಿ ತಿಳಿಸುತ್ತೇನೆ.’ ಸ್ವೀಡಿಷಿನಲ್ಲೂ ಅದು ಅಷ್ಟೇ ಸಲೀಸಾಗಿ ಬರುತ್ತದೆ.

ಮುಂದಿನ ಶನಿವಾರ ಬ್ರೇಕು ನೋಡಬೇಕೆಂದು ಹೋದೆ. ಅದರ ಮುಂದಿನ ವಾರ ರೇಡಿಯೇಟರ್. ಆಮೇಲೆ ಕಾರಿನ ತಳ. ಪ್ರತಿ ಸಲವೂ ಬಟ್ಟೆ ಹಾಸಿದ ಮೇಜು, ಬನ್ನು, ಕೆರೆಯವರೆಗೆ ಒಂದು ಸುತ್ತು. ಬಿರ್ಗಿಟ್ ಹಳೆಯ ಕಥೆ ಹೇಳುತ್ತಿದ್ದರು, ನಾನು ತುಮಕೂರಿನದು ಹೇಳುತ್ತಿದ್ದೆ. ಜಡೆ ಜಗ್ಗಿದ ಕಥೆಗೆ ಅವರು ಎಷ್ಟು ನಕ್ಕರೆಂದರೆ ಕಾಫಿ ಚೆಲ್ಲಿತು. ವಾರಪೂರ್ತಿ ನಾನು ಶನಿವಾರದ ನೆಪ ಹುಡುಕುತ್ತಿದ್ದೆ. ನೆಪವಿಲ್ಲದೆ ಇಲ್ಲಿ ಒಬ್ಬರ ಮನೆಗೆ ಹೋಗುವುದುಂಟೇ? ನಮ್ಮೂರಿನಲ್ಲಿ ‘ಈ ಕಡೆ ಬಂದಿದ್ದೆ, ಹಂಗೇ ಬಂದೆ’ ಎಂದರೆ ಮುಗಿಯಿತು. ಇಲ್ಲಿ ಆ ಕಡೆ ಬರುವ ಬಸ್ಸೇ ಅಪರೂಪ.

ಬರ್ಚ್ ಮರಗಳ ಎಲೆ ಹಳದಿಗೆ ತಿರುಗುವ ಹೊತ್ತಿಗೆ ಒಂದು ಶನಿವಾರ ಬಿರ್ಗಿಟ್ ಕಪ್ಪು ಕೆಳಗಿಟ್ಟು ಹೇಳಿದರು: “ಉತ್ತರದಿಂದ ಒಬ್ಬ ಫೋನ್ ಮಾಡಿದ್ದ. ತುಕ್ಕಿನ ವಿಷಯ ಹೇಳಿದೆ. ಆದರೂ ಬೇಕಂತೆ. ನಿನಗೆ ಬೇಕು ಅಂದರೆ ಅವನಿಗೆ ಇಲ್ಲ ಅಂತೀನಿ.”

ಮನೆಗೆ ಬರುವ ಬಸ್ಸಿನಲ್ಲಿ ಲೆಕ್ಕ ಹಾಕುತ್ತಾ ಕೂತೆ. ಕೊಂಡರೆ ಕಾರು ನನ್ನ ಮನೆಯ ಕೆಳಗೆ ಬಂದು ನಿಲ್ಲುತ್ತದೆ, ಶನಿವಾರ ಮುಗಿಯುತ್ತದೆ. ಬಿಟ್ಟರೂ ಮುಗಿಯುತ್ತದೆ. ಅತ್ತ ದರಿ ಇತ್ತ ಪುಲಿ ಎಂದರೆ ಇದೇ. ಆ ಕಾರಿನಲ್ಲಿ ನಾನೊಬ್ಬಳೇ ಕೂತು ಪೇಟೆಯ ಚೌಕ ಸುತ್ತುವುದನ್ನು ಕಲ್ಪಿಸಿಕೊಂಡೆ. ಪಕ್ಕದ ಸೀಟು ಖಾಲಿ. ಅಷ್ಟು ದೊಡ್ಡ ಸದ್ದು ಮಾಡಿಕೊಂಡು ಒಂಟಿಯಾಗಿರುವುದಕ್ಕಿಂತ ಸದ್ದಿಲ್ಲದೆ ಇರುವುದೇ ವಾಸಿ ಅನ್ನಿಸಿ ಕಣ್ಣು ತುಂಬಿತು. ನನಗೆ ಬೇಕಾದದ್ದು ಕಾರಲ್ಲ ಎಂಬುದು ಅಷ್ಟು ಹೊತ್ತಿಗೆ ಸ್ಪಷ್ಟವಾಗಿತ್ತು. ಅದನ್ನು ಹೇಳುವುದು ಹೇಗೆ ಎಂಬುದೇ ಉಳಿದದ್ದು.

ಫೋನಿನಲ್ಲಿ ಹೇಳಬಹುದಿತ್ತು, ಹೇಳದೆಯೂ ಇರಬಹುದಿತ್ತು. ಮುಂದಿನ ಶನಿವಾರದವರೆಗೆ ಕಾಯಲಾಗದೆ ಸೋಮವಾರ ರಜೆ ಹಾಕಿ ಹೋದೆ. ನಿಂತಲ್ಲೇ ಹೇಳಿದೆ: “ನಾನು ಕಾರು ತಗೊಳ್ಳಲ್ಲ.”

“ತುಕ್ಕಿಗಾ?”

“ಅಲ್ಲ. ಅದರಲ್ಲಿ ಏನೂ ಕೊರತೆ ಇಲ್ಲ. ನಾನು ಬರ್ತಿದ್ದಿದ್ದು ಕಾಫಿಗೆ.”

ಇಲ್ಲಿಯವರು ಕೆಲವು ಸಲ ‘ಹೌದು’ ಎನ್ನುವುದನ್ನು ಉಸಿರು ಒಳಕ್ಕೆಳೆದುಕೊಂಡು ಹೇಳುತ್ತಾರೆ. ಹೊಸದರಲ್ಲಿ ಅದನ್ನು ಕೇಳಿ ಯಾರಿಗೋ ಗಾಬರಿಯಾಯಿತು ಎಂದುಕೊಳ್ಳುತ್ತಿದ್ದೆ. ಬಿರ್ಗಿಟ್ ಹಾಗೆ ಉಸಿರೆಳೆದುಕೊಂಡರು. “ಗೊತ್ತಿತ್ತು. ರೇಡಿಯೇಟರ್ ನೋಡೋಕೆ ಬಂದವಳು ಬಾನೆಟ್ಟೇ ತೆಗೀಲಿಲ್ಲ,” ಎಂದರು. ಆಮೇಲೆ ಕೇಳಿದರು: “ಹಾಗಾದ್ರೆ ಭಾನುವಾರ ಟ್ರೈಲರ್ ತಗೊಂಡು ಬಾ ಅಂತ ಅವನಿಗೆ ಹೇಳ್ತೀನಿ. ಅವತ್ತು ನೀನೂ ಬರ್ತೀಯಾ? ಅದು ಹೋಗುವಾಗ ಒಬ್ಬಳೇ ನಿಂತುಕೊಳ್ಳೋಕೆ ಆಗಲ್ಲ ನನಗೆ.”

ಹೋದೆ. ಬಂದವನು ನಲವತ್ತರ ಗಡ್ಡಧಾರಿ, ಮಾತು ಕಡಿಮೆ. ಕಾಫಿಗೂ ಕೂರದೆ ನೆಟ್ಟಗೆ ಶೆಡ್ಡಿಗೆ ನಡೆದು, ಜೇಬಿನಿಂದ ಆಯಸ್ಕಾಂತ ತೆಗೆದ. ನನಗೆ ಮೈ ಉರಿದುಹೋಯಿತು. ಎಲ್ಲ ಫೋನಿನಲ್ಲಿ ಹೇಳಿಯಾದ ಮೇಲೂ ಇವನದೇನು ಅಧಿಕಪ್ರಸಂಗ! ನನ್ನ ಕೋಟಿನಲ್ಲೂ ಒಂದು ಇದೆ ಎಂಬುದು ಆ ಕ್ಷಣಕ್ಕೆ ಮರೆತೇಹೋಗಿತ್ತು. ಬಿರ್ಗಿಟ್ ಹಿಂದಿನ ಡಿಕ್ಕಿಯಲ್ಲಿ ಮೇಣದ ಡಬ್ಬಿ, ತಾವು ಒರೆಸುತ್ತಿದ್ದ ಮೆತ್ತನೆಯ ಬಟ್ಟೆ, ಒಂದು ಪೊಟ್ಟಣ ಬನ್ನು ಇಟ್ಟರು. ನಮ್ಮಲ್ಲಿ ಹೆಣ್ಣು ಒಪ್ಪಿಸಿಕೊಡುವಾಗ ಮಡಿಲು ತುಂಬುತ್ತಾರಲ್ಲ, ಥೇಟ್ ಹಾಗೆ. ಕಾರು ಟ್ರೈಲರ್ ಏರಿತು. ಅವರು ಅದರ ತಗಡನ್ನು ಒಮ್ಮೆ ಸವರಿ ಕೈ ಹಿಂದಕ್ಕೆ ತೆಗೆದುಕೊಂಡರು. ಆ ಕೈಯನ್ನು ನಾನು ಹಿಡಿದುಕೊಂಡೆ. ಗಡ್ಡದವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಇವಳು ಯಾರು?” ಎಂದು ಬಿರ್ಗಿಟ್‌ರನ್ನು ಕೇಳಿದ.

“ನನ್ನ ಕಡೆಯವಳು,” ಎಂದರು ಅವರು.

ಅಂದಿನಿಂದ ಶನಿವಾರ ನೆಪವಿಲ್ಲದೆ ಹೋಗುತ್ತೇನೆ. ಉಳಿದ ದಿನಗಳು ಹೇಗಿದ್ದವೋ ಹಾಗೇ ಇವೆ, ಫ್ರಿಜ್ ಗೊಣಗುತ್ತಲೇ ಇದೆ. ಎಲ್ಲ ಸರಿಹೋಯಿತೆಂದು ನಿಮಗೆ ಸುಳ್ಳು ಹೇಳಲಾರೆ. ಬಿರ್ಗಿಟ್‌ಗೆ ಈಗ ಮುಖಗಳು ಕಾಣುವುದಿಲ್ಲ. ಗಂಟೆ ಒತ್ತಿದರೆ ಗೋಡೆ ಸವರಿಕೊಂಡು ಬಂದು ಒಳಗಿನಿಂದಲೇ ‘ಯಾರು?’ ಎಂದು ಕೇಳುತ್ತಾರೆ. ಈ ದೇಶದಲ್ಲಿ ಬ್ಯಾಂಕು, ಆಸ್ಪತ್ರೆ, ನಗರಸಭೆಯ ಕಚೇರಿ ಎಲ್ಲೆಡೆಯೂ ನನ್ನ ಹೆಸರನ್ನು ಅಕ್ಷರ ಬಿಡಿಸಿ ಹೇಳಿದ್ದೇನೆ, ಗುರುತಿನ ಸಂಖ್ಯೆ ಒಪ್ಪಿಸಿದ್ದೇನೆ. ಆ ಬಾಗಿಲ ಮುಂದೆ ಅದೊಂದೂ ಬೇಕಾಗುವುದಿಲ್ಲ. ನಾಳೆ ಶನಿವಾರ. ಅವರು ಕೇಳುತ್ತಾರೆ, ನಾನು ‘ನಾನು’ ಎನ್ನುತ್ತೇನೆ, ಬಾಗಿಲು ತೆರೆಯುತ್ತದೆ.